ನರನೋವಿನ ಮಾತ್ರೆಯನ್ನು ಬಿಡುವ ಕ್ರಮ

ನಮ್ಮ ಸಂಘದ ಸದಸ್ಯರಲ್ಲಿ ಐವತ್ತು ದಾಟಿದವರೇ ಹೆಚ್ಚು. ಇಳಿಜಾರು ತೋಟದಲ್ಲಿ ವರ್ಷಗಟ್ಟಲೆ ಹತ್ತಿ ಇಳಿದವರಿಗೆ ಸೊಂಟದಿಂದ ಕಾಲಿಗೆ ನರ ಎಳೆಯುವುದು, ಸಕ್ಕರೆ ಕಾಯಿಲೆಯವರಿಗೆ ರಾತ್ರಿಯ ಹೊತ್ತು ಅಂಗಾಲು ಉರಿಯುವುದು, ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳಾದರೂ ಪಕ್ಕೆಯಲ್ಲಿ ಸೂಜಿ ಚುಚ್ಚಿದಂತಾಗುವುದು, ಇವೆಲ್ಲ ಗೊಬ್ಬರಕ್ಕಾಗಿ ಗೋದಾಮಿಗೆ ಬಂದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತುಗಳೇ. ಇಂಥ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ಆದ್ದರಿಂದ ವೈದ್ಯರು ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಎಂಬ ಔಷಧಿಯನ್ನು ಬರೆದುಕೊಡುತ್ತಾರೆ. ಅನೇಕರಿಗೆ ಇದರಿಂದ ಉಪಶಮನವೂ ದೊರೆತಿದೆ.

ಮಾತ್ರೆಯನ್ನು ಹೇಗೆ ಆರಂಭಿಸಬೇಕೆಂದು ವೈದ್ಯರು ಹೇಳಿರುತ್ತಾರೆ, ನಾವೂ ಕೇಳಿಕೊಂಡಿರುತ್ತೇವೆ. ಹೇಗೆ ಬಿಡಬೇಕೆಂದು ಕೇಳುವವರು ಕಡಿಮೆ. ನೋವು ಕಡಿಮೆಯಾದ ದಿನ, ಇಲ್ಲವೇ ಮಾತ್ರೆ ಮುಗಿದ ದಿನ, ತಾವಾಗಿಯೇ ನಿಲ್ಲಿಸಿಬಿಡುವುದು ರೂಢಿ. ಈ ಔಷಧಿಯ ಮಟ್ಟಿಗೆ ಈ ರೂಢಿ ಸರಿಯಲ್ಲ. ಇದನ್ನು ಒಮ್ಮೆಲೇ ಬಿಡಬಾರದು, ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಿ ಬಿಡಬೇಕು. ಏಕೆ ಮತ್ತು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ನಾವು ವೈದ್ಯರಲ್ಲ, ತೋಟಗಾರರು. ಇಲ್ಲಿರುವುದು ಡಾಕ್ಟರ ಬಳಿ ಕೂತಾಗ ಯಾವ ಪ್ರಶ್ನೆ ಕೇಳಬೇಕೆಂಬ ತಿಳಿವಳಿಕೆಯೇ ಹೊರತು ಡಾಕ್ಟರಿಗೆ ಬದಲಿಯಲ್ಲ.

ಮಾತ್ರೆ ಮಾಡುವ ಕೆಲಸ

ಗ್ಯಾಬಪೆಂಟಿನ್ ಮೊದಲು ಬಂದದ್ದು ಮೂರ್ಛೆ ರೋಗದ ಔಷಧಿಯಾಗಿ. ಅಮೆರಿಕದಲ್ಲಿ ಇದಕ್ಕೆ 1993ರಲ್ಲಿ ಒಪ್ಪಿಗೆ ದೊರೆಯಿತು. ಸರ್ಪಸುತ್ತಿನ ನಂತರದ ನರನೋವಿಗೂ ಕೊಡಬಹುದೆಂದು ಅಲ್ಲಿ ಒಪ್ಪಿದ್ದು 2002ರಲ್ಲಿ. ಅದೇ ಜಾತಿಯ ಪ್ರಿಗ್ಯಾಬಲಿನ್‌ಗೆ 2004ರಲ್ಲಿ ಒಪ್ಪಿಗೆ ಸಿಕ್ಕಿತು.

ಪೆಟ್ಟಾದ ಅಥವಾ ಸೊರಗಿದ ನರ ಸುಮ್ಮನಿರುವುದಿಲ್ಲ. ಕಾರಣವಿಲ್ಲದೆ ಮೇಲಿಂದ ಮೇಲೆ ಮಿದುಳಿಗೆ ಸುದ್ದಿ ಕಳಿಸುತ್ತದೆ, ಆ ಸುದ್ದಿಯೇ ನಮಗೆ ಉರಿಯಾಗಿ, ಚುಚ್ಚಾಗಿ ತೋರುತ್ತದೆ. ಒಂದು ನರತಂತು ಇನ್ನೊಂದಕ್ಕೆ ಸುದ್ದಿ ದಾಟಿಸಬೇಕಾದರೆ ಅದರ ತುದಿಯಲ್ಲಿರುವ ಸಣ್ಣ ಬಾಗಿಲುಗಳ ಮೂಲಕ ಕ್ಯಾಲ್ಸಿಯಂ ಒಳಹೋಗಬೇಕು. ಈ ಔಷಧಿಗಳು ಆ ಬಾಗಿಲಿನ ಒಂದು ಭಾಗಕ್ಕೆ ಅಂಟಿಕೊಂಡು ಒಳಹೋಗುವ ಕ್ಯಾಲ್ಸಿಯಮ್ಮನ್ನು ತಗ್ಗಿಸುತ್ತವೆ. ಸುದ್ದಿ ಕಡಿಮೆಯಾಗುತ್ತದೆ, ನೋವೂ ತಗ್ಗುತ್ತದೆ. ನರವನ್ನು ಇದು ದುರಸ್ತಿ ಮಾಡುವುದಿಲ್ಲ, ಅದರ ಗದ್ದಲವನ್ನು ಅಡಗಿಸುತ್ತದೆ ಎಂಬುದನ್ನು ನೆನಪಿಡಬೇಕು.

ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡಾಗ ಮಿದುಳು ಮತ್ತು ನರಗಳು ಆ ಹತೋಟಿಗೆ ಹೊಂದಿಕೊಳ್ಳುತ್ತವೆ. ಮೂತ್ರಪಿಂಡ ಚೆನ್ನಾಗಿರುವವರಲ್ಲಿ ಈ ಔಷಧಿಯ ಪ್ರಮಾಣ ಸುಮಾರು 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಅಂದರೆ ನಿಲ್ಲಿಸಿದ ಎರಡು ದಿನಗಳಲ್ಲಿ ರಕ್ತದಲ್ಲಿ ಅದು ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ನರಗಳು ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಮಾತ್ರ ವಾರಗಳು ಬೇಕು. ತೊಂದರೆ ಹುಟ್ಟುವುದು ಈ ಅಂತರದಲ್ಲಿ.

ಇದು ನಮಗೆ ಹೊಸ ಮಾತಲ್ಲ. ಬಾಳೆಯ ನೆರಳಿನಲ್ಲಿ ಬೆಳೆದ ಅಡಿಕೆ ಸಸಿಯ ಮೇಲಿನ ನೆರಳನ್ನು ಬೇಸಿಗೆಯ ನಡುವೆ ಒಂದೇ ದಿನ ತೆಗೆದರೆ ಗರಿ ಸುಟ್ಟುಹೋಗುತ್ತದೆ. ಕಾಫಿ ತೋಟದ ಮರಗಸಿಯಲ್ಲೂ ಮೇಲಿನ ನೆರಳನ್ನೆಲ್ಲ ಒಟ್ಟಿಗೆ ಬೋಳಿಸುವ ತೋಟಗಾರನಿಲ್ಲ. ನೆರಳು ಹೆಚ್ಚಾಗಿದ್ದರೂ ತೆಗೆಯುವುದಕ್ಕೆ ಒಂದು ಕಾಲ, ಒಂದು ಲೆಕ್ಕ ಇರುತ್ತದೆ. ಮಾತ್ರೆಯ ವಿಷಯವೂ ಹಾಗೆಯೇ.

ಒಮ್ಮೆಲೇ ಬಿಟ್ಟರೆ ಆಗುವುದೇನು?

ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಕಳೆದ ಮಳೆಗಾಲದಲ್ಲಿ ಆದುದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇವೆ. ಸರ್ಪಸುತ್ತಿನ ನಂತರದ ನೋವಿಗೆ ಅವರು ಗ್ಯಾಬಪೆಂಟಿನ್ 300 ಮಿ.ಗ್ರಾಂ. ಮಾತ್ರೆಯನ್ನು ದಿನಕ್ಕೆ ಮೂರರಂತೆ ಎಂಟು ತಿಂಗಳು ತೆಗೆದುಕೊಂಡಿದ್ದರು. ಜುಲೈ ತಿಂಗಳ ಮಳೆಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿತು, ಮನೆಯಲ್ಲಿದ್ದ ಮಾತ್ರೆ ಮುಗಿಯಿತು. ಹೇಗೂ ನೋವು ಇಳಿದಿದೆ, ಬಿಟ್ಟೇಬಿಡೋಣ ಎಂದುಕೊಂಡರು. ಎರಡನೆಯ ರಾತ್ರಿ ನಿದ್ರೆ ಬರಲಿಲ್ಲ. ಮೈಯೆಲ್ಲ ಬೆವರು, ಎದೆ ಡವಡವ, ಕೈ ನಡುಕ, ಕಾರಣವಿಲ್ಲದ ಹೆದರಿಕೆ. ಮನೆಯವರು ಹೃದಯಾಘಾತವೆಂದೇ ತಿಳಿದು ಬೆಳಗಾಗುತ್ತಲೂ ಜೀಪಿನಲ್ಲಿ ಸುತ್ತು ದಾರಿ ಹಿಡಿದು ಪಟ್ಟಣಕ್ಕೆ ಕರೆದೊಯ್ದರು. ಹೃದಯದಲ್ಲಿ ದೋಷವೇನೂ ಕಾಣಲಿಲ್ಲ. ‘ಇತ್ತೀಚೆಗೆ ಯಾವುದಾದರೂ ಮಾತ್ರೆ ನಿಲ್ಲಿಸಿದಿರಾ ಯಜಮಾನರೇ?’ ಎಂದು ಡಾಕ್ಟರು ಕೇಳಿದಾಗಲೇ ವಿಷಯ ಬೆಳಕಿಗೆ ಬಂದದ್ದು. ಮಾತ್ರೆಯನ್ನು ಮತ್ತೆ ಆರಂಭಿಸಿ, ಹತ್ತು ವಾರಗಳಲ್ಲಿ ಇಳಿಸಿ ನಿಲ್ಲಿಸಲಾಯಿತು. ಈಗ ಅವರು ಮಾತ್ರೆಯಿಲ್ಲದೆ ಆರೋಗ್ಯವಾಗಿದ್ದಾರೆ.

ನಿದ್ರೆಗೇಡು, ಬೆವರು, ವಾಕರಿಕೆ, ಭೇದಿ, ತಲೆನೋವು, ಕಳವಳ, ನೋವಿನ ಮರುಕಳಿಕೆ, ಇವು ಒಮ್ಮೆಲೇ ನಿಲ್ಲಿಸಿದವರಲ್ಲಿ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುವ ಲಕ್ಷಣಗಳು. ಅಪರೂಪವಾಗಿ ಫಿಟ್ಸ್ ಬರುವುದೂ ಉಂಟು. ಮೊದಲೇ ಮೂರ್ಛೆ ರೋಗವಿದ್ದವರಲ್ಲಿ ಈ ಅಪಾಯ ಹೆಚ್ಚು. ಎಲ್ಲರಿಗೂ ಇವೆಲ್ಲ ಬರಬೇಕೆಂದಿಲ್ಲ. ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಕಾಲ ತೆಗೆದುಕೊಂಡವರು ಹೆಚ್ಚು ಎಚ್ಚರವಾಗಿರಬೇಕು.

ಹೀಗಾದ ಮಾತ್ರಕ್ಕೆ ‘ನನಗೆ ಮಾತ್ರೆಯ ಚಟ ಹಿಡಿಯಿತು’ ಎಂದು ಯಾರೂ ನಾಚಿಕೊಳ್ಳಬೇಕಾಗಿಲ್ಲ. ಡಾಕ್ಟರು ಹೇಳಿದಂತೆ ತೆಗೆದುಕೊಂಡವನ ದೇಹ ಔಷಧಿಗೆ ಹೊಂದಿಕೊಳ್ಳುವುದು ಒಂದು, ಮತ್ತು ಬರಲೆಂದು ಹೆಚ್ಚು ಹೆಚ್ಚು ನುಂಗುವುದು ಇನ್ನೊಂದು. ಎರಡನೆಯದೂ ಲೋಕದಲ್ಲಿ ಇದೆ. ಆ ಕಾರಣದಿಂದಲೇ ಬ್ರಿಟನ್ನಿನಲ್ಲಿ 2019ರಿಂದ ಈ ಎರಡು ಔಷಧಿಗಳನ್ನು ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಡಿಸಿದ್ದಾರೆ. ನಾಚಿಕೆಯಿಂದ ವಿಷಯ ಮುಚ್ಚಿಟ್ಟರೆ ಡಾಕ್ಟರು ಸರಿಯಾದ ಸಲಹೆ ಕೊಡಲಾರರು.

ನಿಮ್ಮ ಮಾತ್ರೆಯಲ್ಲಿ ಏನಿದೆ?

‘ನಾನು ನರದ ಶಕ್ತಿ ಮಾತ್ರೆ ಮಾತ್ರ ನುಂಗುತ್ತಿರುವುದು’ ಎಂದು ಹಲವರು ಹೇಳುತ್ತಾರೆ. ಮಾತ್ರೆಯ ಹಾಳೆಯನ್ನು ಹಿಂದು ಮಾಡಿ ಸಣ್ಣ ಅಕ್ಷರಗಳನ್ನು ಓದಿಸಿ ನೋಡಬೇಕು. ನಮ್ಮ ದೇಶದಲ್ಲಿ ಪ್ರಿಗ್ಯಾಬಲಿನ್ 75 ಮಿ.ಗ್ರಾಂ. ಅಥವಾ ಗ್ಯಾಬಪೆಂಟಿನ್ 300 ಮಿ.ಗ್ರಾಂ. ಜೊತೆಗೆ ಮಿಥೈಲ್‌ಕೋಬಾಲಮಿನ್ ಸೇರಿಸಿದ ಮಾತ್ರೆಗಳು ಧಾರಾಳವಾಗಿ ಮಾರಾಟವಾಗುತ್ತವೆ. ಮಿಥೈಲ್‌ಕೋಬಾಲಮಿನ್ ಎಂಬುದು ಬಿ-12 ಜೀವಸತ್ವ, ಅದನ್ನು ಬಿಟ್ಟರೆ ಇಂಥ ತೊಂದರೆಯಿಲ್ಲ. ಜೊತೆಗಿರುವ ಔಷಧಿಯ ಮಾತು ಬೇರೆ. ಕೆಲವು ಮಾತ್ರೆಗಳಲ್ಲಿ ನಾರ್ಟ್ರಿಪ್ಟಿಲಿನ್ ಸಹ ಸೇರಿರುತ್ತದೆ. ಅದನ್ನೂ, ಅದೇ ಗುಂಪಿನ ಅಮಿಟ್ರಿಪ್ಟಿಲಿನನ್ನೂ, ನರನೋವಿಗೆ ಕೊಡುವ ಡ್ಯುಲಾಕ್ಸೆಟಿನನ್ನೂ ಮೆಲ್ಲಗೆ ಇಳಿಸಿಯೇ ಬಿಡಬೇಕು. ಎರಡು ಔಷಧಿ ಕೂಡಿದ್ದರೆ ಇಳಿಸಲು ಅನುಕೂಲವಾಗುವಂತೆ ಬಿಡಿ ಮಾತ್ರೆಗಳನ್ನು ಬರೆದುಕೊಡುವಂತೆ ಡಾಕ್ಟರನ್ನು ಕೇಳಬಹುದು.

ಇಳಿಸುವ ಲೆಕ್ಕ

ಈ ಔಷಧಿಗಳನ್ನು ನಿಲ್ಲಿಸುವಾಗ ಕನಿಷ್ಠ ಒಂದು ವಾರದಲ್ಲಿ ಕ್ರಮೇಣ ಇಳಿಸಬೇಕೆಂದು ತಯಾರಕರ ಸೂಚನೆಯಲ್ಲೇ ಇದೆ. ಒಂದು ವಾರವೆಂಬುದು ಕನಿಷ್ಠ ಮಿತಿ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2014ರಲ್ಲಿ ಅಲ್ಲಿನ ವೈದ್ಯರಿಗೆ ಕೊಟ್ಟ ಸಲಹೆಯಂತೆ ಗ್ಯಾಬಪೆಂಟಿನನ್ನು 4 ದಿನಕ್ಕೆ 300 ಮಿ.ಗ್ರಾಂ.ಗಿಂತ ವೇಗವಾಗಿ ಇಳಿಸಬಾರದು, ಪ್ರಿಗ್ಯಾಬಲಿನನ್ನು ವಾರಕ್ಕೆ 50ರಿಂದ 100 ಮಿ.ಗ್ರಾಂ.ಗಿಂತ ಹೆಚ್ಚು ಇಳಿಸಬಾರದು. ಬಹುಕಾಲ ತೆಗೆದುಕೊಂಡವರಿಗೆ, ವಯಸ್ಸಾದವರಿಗೆ ಇದಕ್ಕಿಂತಲೂ ನಿಧಾನವೇ ಹಿತ.

ಮೇಲೆ ಹೇಳಿದ ಹಿರಿಯರಿಗೆ ಡಾಕ್ಟರು ಬರೆದುಕೊಟ್ಟ ಪಟ್ಟಿ ಹೀಗಿತ್ತು (ಪ್ರಮಾಣಗಳು ಮಿ.ಗ್ರಾಂ.ಗಳಲ್ಲಿ):

1 ಮತ್ತು 2ನೆಯ ವಾರ: ಬೆಳಿಗ್ಗೆ 300, ಮಧ್ಯಾಹ್ನ 100, ರಾತ್ರಿ 300
3 ಮತ್ತು 4ನೆಯ ವಾರ: ಬೆಳಿಗ್ಗೆ 300, ರಾತ್ರಿ 300
5 ಮತ್ತು 6ನೆಯ ವಾರ: ಬೆಳಿಗ್ಗೆ 100, ರಾತ್ರಿ 300
7 ಮತ್ತು 8ನೆಯ ವಾರ: ಬೆಳಿಗ್ಗೆ 100, ರಾತ್ರಿ 100
9 ಮತ್ತು 10ನೆಯ ವಾರ: ರಾತ್ರಿ 100, ಬಳಿಕ ನಿಲುಗಡೆ

ಇದು ಅವರ ವಯಸ್ಸು, ತೂಕ, ಮೂತ್ರಪಿಂಡದ ಪರೀಕ್ಷೆ ನೋಡಿ ಮಾಡಿದ ಲೆಕ್ಕ. ಪಕ್ಕದ ತೋಟದ ಗೊಬ್ಬರದ ಲೆಕ್ಕ ನಮ್ಮ ತೋಟಕ್ಕೆ ಹೊಂದದಂತೆ ಈ ಪಟ್ಟಿಯೂ ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ. ನಿಮ್ಮ ಪಟ್ಟಿಯನ್ನು ನಿಮ್ಮ ಡಾಕ್ಟರಿಂದಲೇ ಬರೆಸಿಕೊಳ್ಳಿ, ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ. ಅದನ್ನು ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಿ ದಿನದಿನವೂ ಗುರುತು ಹಾಕುವುದು ಒಳ್ಳೆಯದು.

ಪಾಲಿಸಬೇಕಾದ ಕೆಲವು ಅಂಶಗಳು

ಮೊದಲನೆಯದಾಗಿ, ಕಾಲವನ್ನು ಆರಿಸಿಕೊಳ್ಳಿ. ಕಾಫಿ ಹಣ್ಣಿನ ಕೊಯ್ಲು, ಅಡಿಕೆ ಕೊನೆ ಇಳಿಸುವ ಗಡಿಬಿಡಿ ಇರುವಾಗ ಬೇಡ. ರಸ್ತೆ, ವಿದ್ಯುತ್ತು, ಫೋನು ಮೂರೂ ಕೈಕೊಡುವ ಆಷಾಢದ ಮಳೆಯಲ್ಲೂ ಬೇಡ. ಕೆಲಸ ಸ್ವಲ್ಪ ಹಗುರವಾಗಿದ್ದು, ಡಾಕ್ಟರು ಸುಲಭವಾಗಿ ಸಿಕ್ಕುವ ತಿಂಗಳುಗಳಲ್ಲಿ ಆರಂಭಿಸುವುದು ಉತ್ತಮ.

ಎರಡನೆಯದಾಗಿ, ಮಾತ್ರೆ ಮುಗಿಯಲು ಬಿಡಬೇಡಿ. ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡುವಂತೆ ಒಂದು ತಿಂಗಳಿಗಾಗುವಷ್ಟು ಮಾತ್ರೆಯನ್ನು ಡಾಕ್ಟರ ಚೀಟಿಯ ಮೇಲೆ ತಂದು ಒಣಗಿದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಇಳಿಸಲು ಬೇಕಾಗುವ ಕಡಿಮೆ ಪ್ರಮಾಣದ ಮಾತ್ರೆ ಔಷಧಿ ಅಂಗಡಿಯಲ್ಲಿ ದೊರೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಗಳನ್ನು ಮುರಿದು ನುಂಗಬಾರದು.

ಮೂರನೆಯದಾಗಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಈ ಔಷಧಿಗಳು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಮೂತ್ರಪಿಂಡ ಸೊರಗಿದ್ದರೆ ಔಷಧಿ ಒಳಗೇ ಶೇಖರವಾಗಿ ಮಂಪರು, ತಲೆಸುತ್ತು ಹೆಚ್ಚುತ್ತದೆ.

ನಾಲ್ಕನೆಯದಾಗಿ, ಈ ಮಾತ್ರೆ ತೆಗೆದುಕೊಳ್ಳುವ ಅವಧಿಯಲ್ಲೂ, ಇಳಿಸುವ ಅವಧಿಯಲ್ಲೂ ಮಂಪರು, ತಲೆಸುತ್ತು ಇದ್ದರೆ ಏಣಿ ಹತ್ತುವುದು, ಕಳೆ ಕೊಚ್ಚುವ ಯಂತ್ರ ಹಿಡಿಯುವುದು, ಘಾಟಿಯಲ್ಲಿ ಜೀಪು ಓಡಿಸುವುದು ಬೇಡ. ಮದ್ಯವನ್ನು ಮುಟ್ಟಬಾರದು. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಜೊತೆಗಿದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಇವು ಕೂಡಿದಾಗ, ಅದರಲ್ಲೂ ವಯಸ್ಸಾದವರಿಗೆ ಮತ್ತು ಶ್ವಾಸಕೋಶದ ತೊಂದರೆಯಿದ್ದವರಿಗೆ, ಉಸಿರಾಟ ಕುಗ್ಗುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ.

ಐದನೆಯದಾಗಿ, ಉಳಿದ ಮಾತ್ರೆಯನ್ನು ತೋಟದ ಆಳುಗಳಿಗೋ ನೆಂಟರಿಗೋ ‘ಸೊಂಟನೋವಿಗೆ ಒಳ್ಳೆಯದು’ ಎಂದು ಹಂಚಬೇಡಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೇಡಾದೀತು.

ನೋವು ಮರಳಿದರೆ?

ಇಳಿಸುವಾಗ ಸ್ವಲ್ಪ ನೋವು ತಲೆಯೆತ್ತಿದರೆ ಕೂಡಲೇ ನಿರಾಶರಾಗಬೇಕಾಗಿಲ್ಲ. ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕು. ಪ್ರಮಾಣ ಇಳಿಸಿದ ಒಂದೆರಡು ದಿನಗಳಲ್ಲೇ ಬೆವರು, ಕಳವಳ, ನಿದ್ರೆಗೇಡಿನಂಥ ಹೊಸ ಲಕ್ಷಣಗಳೊಡನೆ ಬಂದು, ಒಂದೆರಡು ವಾರದಲ್ಲಿ ತಾನಾಗಿ ತಗ್ಗಿದರೆ ಅದು ಬಹುಮಟ್ಟಿಗೆ ಮಾತ್ರೆ ಇಳಿಸಿದ್ದರ ಫಲ. ಹಳೆಯ ಜಾಗದಲ್ಲೇ, ಹಳೆಯ ರೀತಿಯಲ್ಲೇ ಮೆಲ್ಲಗೆ ಬಂದು ತಗ್ಗದೆ ನಿಂತರೆ ಮೂಲ ನೋವು ಇನ್ನೂ ಇದೆ ಎಂದು ತಿಳಿಯಬೇಕು. ಎರಡರಲ್ಲೂ ಮಾಡಬೇಕಾದದ್ದು ಒಂದೇ: ಮುಂದಿನ ಹಂತಕ್ಕೆ ಇಳಿಯದೆ ನಿಂತು ಡಾಕ್ಟರನ್ನು ಕೇಳುವುದು. ಅವರು ಹಿಂದಿನ ಹಂತಕ್ಕೆ ಏರಿಸಬಹುದು, ಇನ್ನೂ ನಿಧಾನಿಸಬಹುದು, ಇಲ್ಲವೇ ಔಷಧಿ ಮುಂದುವರಿಯಲಿ ಎನ್ನಬಹುದು. ಬೇಕಾದ ಔಷಧಿಯನ್ನು ಹಟದಿಂದ ಬಿಡುವುದು ಜಾಣತನವಲ್ಲ. ಮೂರ್ಛೆ ರೋಗಕ್ಕೆಂದು ಇದನ್ನು ತೆಗೆದುಕೊಳ್ಳುವವರಂತೂ ನರರೋಗ ತಜ್ಞರ ಮಾತಿಲ್ಲದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಕೂಡದು.

ಫಿಟ್ಸ್ ಬಂದರೆ, ಉಸಿರು ಕಷ್ಟವಾದರೆ, ಎದೆನೋವು ಬಂದರೆ, ಮನುಷ್ಯ ಅಸಂಬದ್ಧವಾಗಿ ಮಾತನಾಡತೊಡಗಿದರೆ ಕಾಯಬಾರದು. 108ಕ್ಕೆ ಫೋನು ಮಾಡಿ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯ ಹಾಳೆಯನ್ನೂ ಡಾಕ್ಟರ ಚೀಟಿಯನ್ನೂ ಜೊತೆಗೆ ಕೊಂಡೊಯ್ಯಿರಿ. ಮನಸ್ಸು ತೀರಾ ಕುಗ್ಗಿ ಬದುಕೇ ಬೇಡವೆನ್ನಿಸಿದರೆ ಅದನ್ನು ಬಚ್ಚಿಡದೆ ಮನೆಯವರಿಗೆ, ಡಾಕ್ಟರಿಗೆ ಹೇಳಬೇಕು. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೂ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಇಂದೇ ಅವರ ಮಾತ್ರೆಯ ಡಬ್ಬಿ ತೆರೆದು ನೋಡಿ. ಯಾವ ಔಷಧಿ, ಎಷ್ಟು ಪ್ರಮಾಣ, ಎಷ್ಟು ತಿಂಗಳಿಂದ, ಇನ್ನೆಷ್ಟು ದಿನಕ್ಕೆ ಸಾಕು, ಈ ನಾಲ್ಕನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಆ ಕಾಗದವನ್ನು ಮುಂದಿಟ್ಟು, ‘ಇದು ಇನ್ನೂ ಬೇಕೇ? ಬೇಡವಾದರೆ ಹೇಗೆ ಇಳಿಸೋಣ?’ ಎಂದು ಕೇಳಿ.