ನ್ಯಾಯಶಾಸ್ತ್ರ ವ್ಯಾಸಂಗ: ಪ್ರಯೋಜನ ಮತ್ತು ಆಯ್ಕೆ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರ್ಣಯಿಸಿಕೊಳ್ಳಬೇಕೆಂಬುದು ನಮ್ಮ ಪ್ರಾಚೀನರ ಸಂಪ್ರದಾಯ. ಏನನ್ನು ಓದುತ್ತೇವೆ, ಏತಕ್ಕಾಗಿ ಓದುತ್ತೇವೆ, ಓದಿಗೂ ಫಲಕ್ಕೂ ಇರುವ ನಂಟೇನು, ಓದಲು ಯಾರು ಅರ್ಹರು ಎಂಬುದೇ ಇದರ ತಾತ್ಪರ್ಯ. ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುವ ಕನ್ನಡ ಪಂಡಿತನಿಗೆ ಕಾನೂನು ಕಾಲೇಜುಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಆ ಗೊಡವೆಗೆ ಕಾರಣವಾದದ್ದು ಒಂದು ಭೇಟಿ.

ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಭದ್ರಾವತಿಯ ಪೇಪರ್‌ಟೌನಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳೊಡನೆ ಶಿವಮೊಗ್ಗೆಗೆ ಬಂದರು. ಕಾಗದದ ಕಾರ್ಖಾನೆ ನಿಂತ ಮೇಲೆ ಅವರದು ಸಣ್ಣ ಅಂಗಡಿಯ ಜೀವನ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ದ್ವಿತೀಯ ಪಿ.ಯು.ಸಿ.ಯಲ್ಲಿ ಉತ್ತಮ ಅಂಕಗಳನ್ನು ಗಳಿಸಿದ್ದಳು. “ಗುರುಗಳೇ, ಮನೆ ಅಡವಿಟ್ಟಾದರೂ ಇವಳನ್ನು ದೊಡ್ಡ ಕಾನೂನು ಕಾಲೇಜಿಗೆ ಸೇರಿಸಬೇಕೆಂದಿದ್ದೇನೆ. ಯಾವುದು ದೊಡ್ಡದು, ತಾವೇ ಹೇಳಬೇಕು” ಎಂದರು. ನಾನು ಮಗಳತ್ತ ತಿರುಗಿ, “ಕಾನೂನು ಓದಿ ಏನಾಗಬೇಕೆಂದಿದ್ದೀಯಮ್ಮ?” ಎಂದೆ. “ನ್ಯಾಯಾಧೀಶೆ ಆಗಬೇಕು” ಎಂದಳು. ತಂದೆ ಆ ಪ್ರಶ್ನೆಯನ್ನು ಅದುವರೆಗೆ ಕೇಳಿಯೇ ಇರಲಿಲ್ಲ. ನಾಲ್ಕು ದಿನಗಳ ಅವಕಾಶ ಬೇಡಿ, ವಕೀಲರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಿದೆ. ಅಂದು ತಿಳಿದುದನ್ನೂ ಅನಂತರದ ಬದಲಾವಣೆಗಳನ್ನೂ ಇಲ್ಲಿ ನಿವೇದಿಸುತ್ತೇನೆ.

ಕಾನೂನು ಪದವಿಗೆ ಎರಡು ದಾರಿಗಳಿವೆ. ಪಿ.ಯು.ಸಿ. ಆದವರಿಗೆ ಐದು ವರ್ಷಗಳದು. ಬೇರೊಂದು ಪದವಿ ಪಡೆದವರಿಗೆ ಮೂರು ವರ್ಷಗಳದು. ಎಲ್ಲಿ ಓದಿದರೂ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು, ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಸನ್ನದಿನಲ್ಲಿ ದೊಡ್ಡ ಕಾಲೇಜು, ಸಣ್ಣ ಕಾಲೇಜು ಎಂಬ ಭೇದವಿಲ್ಲ. ಭೇದವಿರುವುದು ಪ್ರಯೋಜನದಲ್ಲಿ.

ಬೃಹತ್ ಕಂಪನಿಗಳ ಒಪ್ಪಂದ, ತೆರಿಗೆ, ಅಂತರರಾಷ್ಟ್ರೀಯ ವ್ಯವಹಾರಗಳಲ್ಲಿ ದುಡಿಯಬಯಸುವವರಿಗೆ, ವಿದೇಶದಲ್ಲಿ ಉನ್ನತ ವ್ಯಾಸಂಗ ಬಯಸುವವರಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ತಕ್ಕವು. ಅವುಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲಿದೆ, ಪ್ರೊ. ಎನ್. ಆರ್. ಮಾಧವ ಮೆನನ್ ಅವರು ಅದರ ಸ್ಥಾಪಕ ನಿರ್ದೇಶಕರು. ಮುಂಬಯಿ, ದೆಹಲಿಗಳ ದೊಡ್ಡ ವಕೀಲ ಸಂಸ್ಥೆಗಳು ಇಂತಹ ಕಡೆಗೇ ಬಂದು ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತವೆ. ಆದರೆ ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕದ್ದು. ಪ್ರವೇಶಕ್ಕೆ ‘ಕ್ಲಾಟ್’ ಎಂಬ ಪರೀಕ್ಷೆ. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. 2022ರಿಂದ ಈಚೆಗೆ ಇದು ಡಿಸೆಂಬರ್ ತಿಂಗಳಲ್ಲೇ ನಡೆಯುತ್ತಿದೆ, ಅಂದರೆ ಪಿ.ಯು.ಸಿ. ಫಲಿತಾಂಶ ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಬೆಂಗಳೂರಿನ ಆ ಶಾಲೆಯು ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ 2021ರಿಂದ ಶೇಕಡಾ 25ರಷ್ಟು ಸ್ಥಾನಗಳನ್ನು ಮೀಸಲಿರಿಸಿತೆಂಬುದನ್ನೂ ನಮ್ಮ ಮಕ್ಕಳು ಅರಿಯಬೇಕು.

ಉಚ್ಚ ನ್ಯಾಯಾಲಯದ ವಕೀಲಿಯನ್ನು ಬಯಸುವವರ ಮಾತು ಬೇರೆ. ಸಂವಿಧಾನದ 348ನೆಯ ಅನುಚ್ಛೇದದಂತೆ ಅಲ್ಲಿನ ವ್ಯವಹಾರ ಇಂಗ್ಲಿಷಿನದು. ನಮ್ಮ ಜಿಲ್ಲೆಯ ಮೇಲ್ಮನವಿಗಳು ಹೋಗುವುದು ಬೆಂಗಳೂರಿಗೆ. ಇಂತಹವರು ಬೆಂಗಳೂರಿನ ಯಾವುದಾದರೂ ಉತ್ತಮ ಕಾಲೇಜಿನಲ್ಲಿ ಓದುತ್ತ, ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುವುದು ಲೇಸು.

ಇನ್ನು ಜಿಲ್ಲಾ, ತಾಲ್ಲೂಕು ನ್ಯಾಯಾಲಯಗಳ ವಕೀಲಿ ಮತ್ತು ಸಿವಿಲ್ ನ್ಯಾಯಾಧೀಶರ ಹುದ್ದೆ. ಭದ್ರಾವತಿಯ ಕಾರ್ಮಿಕರ ಬಾಕಿ, ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕು, ಅಣ್ಣತಮ್ಮಂದಿರ ಪಾಲುಪಟ್ಟಿ ಇವೆಲ್ಲ ಮೊದಲು ಬರುವುದು ಊರಿನ ವಕೀಲರ ಬಳಿಗೇ. ಇದಕ್ಕೆ ಶಿವಮೊಗ್ಗೆಯ ಸಿ.ಬಿ.ಆರ್. ನ್ಯಾಷನಲ್ ಕಾನೂನು ಕಾಲೇಜಿನಂತಹ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜೇ ಸಾಕು. ಆ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಉತ್ತರವನ್ನು ಕನ್ನಡದಲ್ಲಿಯೂ ಬರೆಯಬಹುದು. ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಆದ್ದರಿಂದ ಕಾಲೇಜಿನ ಹೆಸರಿಗಿಂತ ಕೋರ್ಟಿನ ಒಡನಾಟಕ್ಕೆ ಬೆಲೆ ಹೆಚ್ಚಿದೆ.

ಈ ಹುದ್ದೆಯ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರದ ಪತ್ರಿಕೆಯೊಂದಿದೆ. ಸಾಕ್ಷ್ಯ, ತೀರ್ಪು, ದಸ್ತಾವೇಜುಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಒಂದು ವಿಭಕ್ತಿಪ್ರತ್ಯಯ ಜಾರಿದರೆ ಹೊಡೆದವನೇ ಹೊಡೆಸಿಕೊಂಡವನಾಗಿಬಿಡುತ್ತಾನೆ. ವ್ಯಾಕರಣ ಹೊಟ್ಟೆಗೆ ಹಿಟ್ಟು ಕೊಡದೆಂದು ಹಳಿಯುವವರು ಇದನ್ನು ಗಮನಿಸಬೇಕು. ಹಾಗೆಂದು ಕನ್ನಡವೊಂದೇ ಸಾಕೆಂದರೆ ಅದು ಮಕ್ಕಳಿಗೆ ಮಾಡುವ ವಂಚನೆ. ಮೇಲಿನ ನ್ಯಾಯಾಲಯಗಳ ತೀರ್ಪುಗಳನ್ನು ಮೂಲದಲ್ಲಿ ಓದಲಾರದ ವಕೀಲನು ಕಕ್ಷಿದಾರನನ್ನು ಹೇಗೆ ಕಾಪಾಡಿಯಾನು?

ನಾಲ್ಕು ದಿನಗಳ ಅನಂತರ ಬಂದ ಆ ತಂದೆಗೆ, “ಮನೆ ಅಡವಿಡಬೇಡಿ, ಮಗಳ ಗುರಿಗೆ ಶಿವಮೊಗ್ಗೆಯೇ ಸಾಕು” ಎಂದೆ. ಈಗ ಅವಳು ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬಂದು ಓದುತ್ತಿದ್ದಾಳೆ. ರಜೆಯಲ್ಲಿ ಊರಿನ ವಕೀಲರೊಬ್ಬರ ಕಚೇರಿಯಲ್ಲಿ ಕಡತಗಳನ್ನು ಓದುತ್ತಾಳೆ. ಆದರೆ ನನ್ನನ್ನು ಕಾಡುವುದು ಬೇರೊಂದು. ಅವಳ ಗುರಿ ನಾಗರಭಾವಿಯಾಗಿದ್ದರೆ ಅಂದು ನಾನು ಏನು ಹೇಳುತ್ತಿದ್ದೆ? ಪರೀಕ್ಷೆ ಹಿಂದಿನ ಡಿಸೆಂಬರಿನಲ್ಲೇ ಮುಗಿದಿತ್ತು. ಅದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಇದು ನನ್ನಂತಹ ಅಧ್ಯಾಪಕರ ಲೋಪ.

ಆದುದರಿಂದ ಮೂರು ವಿನಂತಿಗಳು. ಅಧ್ಯಾಪಕ ಬಂಧುಗಳು ಪ್ರೌಢಶಾಲೆಯಲ್ಲಿಯೇ ಮಕ್ಕಳಿಗೆ ಈ ದಾರಿಗಳನ್ನು ತಿಳಿಸಿ, ಎರಡೂ ಭಾಷೆಗಳ ಪತ್ರಿಕೆ ಓದಿಸಲಿ. ವಕೀಲರಾಗಿರುವ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ಕಿರಿಯರಿಗಾದರೂ ತಮ್ಮ ಕಚೇರಿಯ ಬಾಗಿಲು ತೆರೆಯಲಿ. ದಾನಿಗಳು ಕಟ್ಟಡದ ಕಲ್ಲಿನೊಡನೆ ಕಾನೂನು ಗ್ರಂಥಗಳಿಗೂ ಪರೀಕ್ಷಾ ಶುಲ್ಕಕ್ಕೂ ಒಂದು ಪಾಲನ್ನು ತೆಗೆದಿರಿಸಲಿ. ಯಾವ ಕಾಲೇಜು ದೊಡ್ಡದೆಂಬುದಕ್ಕಿಂತ ಮೊದಲು, ಏನಾಗಬೇಕೆಂದಿದ್ದೀಯೆ ಎಂದು ಮಗುವನ್ನು ಕೇಳೋಣ. ಪ್ರಯೋಜನವು ನಿಶ್ಚಯವಾದರೆ ದಾರಿ ತಾನಾಗಿ ತೋರುತ್ತದೆ.