ಸೌರಛಾವಣಿಯ ಕೆಳಗಣ ಹಲಗೆ

2016ರ ಅಕ್ಟೋಬರ್ ತಿಂಗಳಲ್ಲಿ ಲಾಸ್ ಏಂಜಲೀಸಿನ ಯೂನಿವರ್ಸಲ್ ಸ್ಟುಡಿಯೋದೊಳಗೆ, ಚಿತ್ರೀಕರಣಕ್ಕೆಂದೇ ಕಟ್ಟಿದ್ದ ಬೀದಿಯೊಂದರ ಮನೆಗಳ ಮೇಲೆ ಇಲಾನ್ ಮಸ್ಕ್ ತಮ್ಮ ಸೌರಛಾವಣಿಯನ್ನು ಲೋಕಕ್ಕೆ ತೋರಿಸಿದಾಗ, ನೋಡಿದವರ ದೃಷ್ಟಿ ಸಹಜವಾಗಿಯೇ ಗಾಜಿನ ಹೆಂಚುಗಳಲ್ಲಿ ನೆಟ್ಟಿತೇ ಹೊರತು ಅವುಗಳಿಗೆ ಆಧಾರವಾದ ಮರದ ಕಡೆಗೆ ಹರಿಯಲಿಲ್ಲ. ಚಿತ್ರೀಕರಣದ ಮನೆಯಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಅನ್ನ ಬೇಯಿಸುವುದಿಲ್ಲ. ಅದರ ಅಟ್ಟದಲ್ಲಿ ಹಬೆ ಕೂಡುವ ಪ್ರಮೇಯವೂ ಇಲ್ಲ. ವಾಸದ ಮನೆಯ ಸಂಗತಿ ಬೇರೆ.

ಅಮೆರಿಕದ ಸಾಮಾನ್ಯ ಗೃಹವು ಮರದ ಚೌಕಟ್ಟಿನಿಂದಾದುದು. 16 ಅಥವಾ 24 ಅಂಗುಲಗಳ ಅಂತರದಲ್ಲಿ ಇಳಿಜಾರಾಗಿ ನಿಲ್ಲಿಸಿದ ಪಕಾಸುಗಳ ಮೇಲೆ, 8 ಅಡಿ ಉದ್ದ 4 ಅಡಿ ಅಗಲದ ಪ್ಲೈವುಡ್ ಹಾಳೆಗಳನ್ನೋ, ಮರದ ಚಕ್ಕೆಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಓಎಸ್‌ಬಿ ಹಾಳೆಗಳನ್ನೋ ಮೊಳೆ ಹೊಡೆದು ಹಾಸುತ್ತಾರೆ. ಡೆಕಿಂಗ್ ಎನ್ನುವ ಈ ಹಲಗೆಹಾಸಿನ ಮೇಲೆ ನೀರು ತಡೆಯುವ ಪದರ, ಅದರ ಮೇಲೆ ಡಾಂಬರಿನ ಶಿಂಗಲ್‌. ಸಾಧಾರಣ ಸೌರಫಲಕಗಳನ್ನು ಕೂರಿಸುವಾಗ ಉದ್ದನೆಯ ತಿರುಪುಮೊಳೆಗಳು ಈ ಹಾಸನ್ನು ತೂರಿ ಸಾಮಾನ್ಯವಾಗಿ ಪಕಾಸನ್ನೇ ಕಚ್ಚುವುದರಿಂದ, ಫಲಕದ ಭಾರವನ್ನೂ ಗಾಳಿಯ ಸೆಳೆತವನ್ನೂ ಪಕಾಸು ಹೊರುತ್ತದೆ. ಸೌರಛಾವಣಿಯಲ್ಲಾದರೋ ಹೆಂಚುಗಳು ಹಲಗೆಗೇ ಅಂಟಿಕೊಂಡು ಬಾಳತಕ್ಕವು. ಹಲಗೆ ಮೆತ್ತಗಾದರೆ ಮೊಳೆಗೆ ಹಿಡಿತವಿಲ್ಲ. ಮೊಳೆಗೆ ಹಿಡಿತವಿಲ್ಲದಿದ್ದರೆ ಇಪ್ಪತ್ತೈದು ವರ್ಷಗಳ ಭರವಸೆಯ ಗಾಜು ಬಿರುಗಾಳಿಯ ಕೃಪೆಯಲ್ಲಿರುತ್ತದೆ.

ಹಳೆಯ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಕ್ಯಾಲಿಫೋರ್ನಿಯದಲ್ಲಿ ಸೀಡರ್ ಮರದ ಬಿಲ್ಲೆಗಳನ್ನು ಹೊದಿಸಿದ್ದ ಅನೇಕ ಮನೆಗಳಿಗೆ ಪೂರ್ಣ ಹಾಸೇ ಇರಲಿಲ್ಲ. ನಮ್ಮ ಮಂಗಳೂರು ಹೆಂಚಿನ ಮಾಡಿಗೆ ರೀಪು ಹೊಡೆದಂತೆ ಅಲ್ಲಿಯೂ ಎಡೆಬಿಟ್ಟು ಪಟ್ಟಿಗಳನ್ನು ಹೊಡೆದು, ಗಾಳಿಯಾಡಿ ಮರ ಒಣಗಲೆಂದು ಬಿಟ್ಟಿದ್ದರು. ಅಂಥ ಮಾಡಿನಲ್ಲಿ ಮರ ಎಷ್ಟೇ ಗಟ್ಟಿಯಾಗಿದ್ದರೂ ಸೌರಹೆಂಚು ಕೂರಿಸುವ ಮೊದಲು ಹೊಸ ಹಾಸು ಅನಿವಾರ್ಯ. ಅಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರೂ ಇದನ್ನು ಗಮನಿಸತಕ್ಕುದು.

ಹಲಗೆ ಕೆಡುವುದು ಮಳೆಯಿಂದ ಮಾತ್ರವೆಂದು ಬಗೆಯುವುದು ರೂಢಿ. ಮರವನ್ನು ತಿನ್ನುವ ಶಿಲೀಂಧ್ರವು ಬೇರೂರಲು ಮರದ ತೇವಾಂಶ ಶೇಕಡ ಇಪ್ಪತ್ತೆಂಟು ಮೂವತ್ತರ ಮಟ್ಟವನ್ನು ಮುಟ್ಟಬೇಕು. ಆದರೆ ಈ ತೇವ ಎಷ್ಟೋ ಮನೆಗಳಲ್ಲಿ ಆಕಾಶದಿಂದ ಇಳಿಯದೆ ಮನೆಯೊಳಗಿನಿಂದಲೇ ಏರುತ್ತದೆ. ಚಳಿಗಾಲದಲ್ಲಿ ಸ್ನಾನಗೃಹದ, ಅಡುಗೆಮನೆಯ ಬೆಚ್ಚನೆಯ ಹಬೆ ಅಟ್ಟಕ್ಕೆ ನುಸುಳಿ, ತಣ್ಣಗಾದ ಹಲಗೆಯ ಒಳಮೈಯಲ್ಲಿ ನೀರಾಗುವುದು. ಹಲಗೆಯನ್ನು ತೂರಿ ಅಟ್ಟದೊಳಕ್ಕೆ ಚಾಚಿದ ಮೊಳೆಗಳ ತುದಿ ಲೋಹವಾದ್ದರಿಂದ ಬೇಗ ತಣ್ಣಗಾಗಿ, ಮೊದಲ ಹನಿ ಅಲ್ಲಿಯೇ ಕಟ್ಟುವುದು. ಆದ್ದರಿಂದಲೇ ಅನುಭವಿಯು ಅಟ್ಟ ಹತ್ತಿದೊಡನೆ ದೀಪ ಹಿಡಿದು ನೋಡುವುದು ಮೊಳೆಯ ತುದಿಯ ತುಕ್ಕನ್ನು; ಅದರ ಸುತ್ತ ಕಪ್ಪು ಕಲೆ ಕಂಡರೆ ತಿರುಪುಳಿಯಿಂದ ಚುಚ್ಚಿ ಪರೀಕ್ಷಿಸುತ್ತಾನೆ. ಓಎಸ್‌ಬಿ ಹಾಳೆಯಾದರೆ ಅಂಚುಗಳು ಊದಿಕೊಂಡು ತಾವಾಗಿಯೇ ದೂರು ಹೇಳುತ್ತವೆ.

ನೀರಿಲ್ಲದೆಯೂ ಹಲಗೆ ಕೆಟ್ಟ ವಿಚಿತ್ರ ಪ್ರಸಂಗವೊಂದಿದೆ. 1980ರ ದಶಕದಲ್ಲಿ ಅಮೆರಿಕದ ಪೂರ್ವ ರಾಜ್ಯಗಳ ಸಾಲುಮನೆಗಳಲ್ಲಿ, ಬೆಂಕಿ ನೆರೆಮನೆಗೆ ಹಬ್ಬದಿರಲೆಂದು ಅಗ್ನಿನಿರೋಧಕ ಲವಣಗಳನ್ನು ಉಣಿಸಿದ ಪ್ಲೈವುಡ್ಡನ್ನು ಹಾಸಿದ್ದರು. ಬೇಸಗೆಯ ಬಿಸಿಲಿಗೆ ಛಾವಣಿ ಕಾದಾಗ ಆ ಲವಣಗಳಿಂದ ಆಮ್ಲ ಹುಟ್ಟಿ, ಕೆಲವೇ ವರ್ಷಗಳಲ್ಲಿ ಮರ ಕಂದಿ, ಕಾಲಿಟ್ಟರೆ ಮುರಿಯುವಷ್ಟು ಪೆಡಸಾಯಿತು. ಬೆಂಕಿ ತಿನ್ನಲಾರದ ಮರವನ್ನು ಮದ್ದೇ ತಿಂದಿತು.

ಇನ್ನು ವೆಚ್ಚ. ಹಾಳೆಯೊಂದರ ವಿಸ್ತಾರ 32 ಚದರಡಿಯಾದುದರಿಂದ, 2,000 ಚದರಡಿಯ ಮಾಡನ್ನು ಸಂಪೂರ್ಣವಾಗಿ ಹಾಸಲು 63 ಹಾಳೆಗಳಾದರೂ ಬೇಕು; ಕೂಲಿಸಹಿತ ಹಾಳೆಗೆ 100 ಡಾಲರೆಂದು ಲೆಕ್ಕದ ಸೌಕರ್ಯಕ್ಕಾಗಿ ಹಿಡಿದರೂ 6,300 ಡಾಲರಾಯಿತು. ಮರದ ಬೆಲೆಯೋ ಸ್ಥಿರವಲ್ಲ: 2021ರ ಮೇ ತಿಂಗಳಲ್ಲಿ ಷಿಕಾಗೋದ ವಾಯಿದೆ ಪೇಟೆಯಲ್ಲಿ ಕಟ್ಟಡದ ಮರ ಸಾವಿರ ಬೋರ್ಡ್ ಅಡಿಗೆ 1,600 ಡಾಲರನ್ನೂ ದಾಟಿತ್ತು. ತೆರಿಗೆಯ ನೆರವೂ ಈ ಹಲಗೆಗೆ ದೊರೆಯಲಿಲ್ಲ. 2022ರ ಕಾನೂನು ಸೌರವೆಚ್ಚದಲ್ಲಿ ಶೇಕಡ 30ನ್ನು ತೆರಿಗೆಯಿಂದ ಕಳೆಯಗೊಟ್ಟಾಗ, ವಿದ್ಯುತ್ ಉತ್ಪಾದಿಸುವ ಹೆಂಚಿಗೆ ಆ ಸೌಲಭ್ಯ ಸಲ್ಲುವುದೆಂದೂ, ಕೇವಲ ಛಾವಣಿಯ ಕೆಲಸ ಮಾಡುವ ಹಲಗೆಗೂ ಪಕಾಸಿಗೂ ಸಲ್ಲದೆಂದೂ ತೆರಿಗೆ ಇಲಾಖೆ ಗೆರೆ ಎಳೆಯಿತು. 2025ರ ಕೊನೆಗೆ ಆ ಸೌಲಭ್ಯವೇ ಮುಗಿಯಿತು.

ಗುತ್ತಿಗೆದಾರನು ಹಳೆಯ ಹೊದಿಕೆಯನ್ನು ಕೀಳುವ ಮುನ್ನ ಎಷ್ಟು ಹಾಳೆ ಕೆಟ್ಟಿದೆಯೆಂದು ಖಚಿತವಾಗಿ ಹೇಳಲಾರ. ಅದನ್ನು ವಂಚನೆಯೆನ್ನುವುದು ನ್ಯಾಯವಲ್ಲ. ಆದರೆ ಹಾಳೆಯೊಂದರ ದರವನ್ನು ಕರಾರಿನಲ್ಲಿ ಬರೆಯದಿರುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣದು. ಏಕೆಂದರೆ ಮಾಡು ಬಯಲಾಗಿ, ಮೋಡ ಕವಿದು ನಿಂತ ಹೊತ್ತಿನಲ್ಲಿ ಚೌಕಾಸಿಗೆ ಮನೆಯೊಡೆಯನಿಗೆ ಬಾಯಿಯೇ ಇರುವುದಿಲ್ಲ. ದರದ ಜೊತೆಗೆ, ಇಷ್ಟು ಹಾಳೆಗಳನ್ನು ಮೀರಿದರೆ ಮತ್ತೆ ಒಪ್ಪಿಗೆ ಬೇಕೆಂಬ ಮಿತಿಯನ್ನೂ, ಕಿತ್ತ ಹಲಗೆಗಳ ಛಾಯಾಚಿತ್ರ ಕೊಡಬೇಕೆಂಬ ಷರತ್ತನ್ನೂ ಬರೆಸಿಕೊಳ್ಳುವುದು ಲೇಸು. ಅಟ್ಟವೇ ಇಲ್ಲದೆ ಒಳಛಾವಣಿಯನ್ನು ಪಕಾಸಿಗೇ ಬಿಗಿದ ಮನೆಯಾದರೆ ಕೆಳಗಿನಿಂದ ನೋಡುವ ದಾರಿಯೇ ಮುಚ್ಚಿರುವುದರಿಂದ, ಅರುವತ್ತಮೂರು ಹಾಳೆಗಳ ಹಣವನ್ನೂ ತೆಗೆದಿರಿಸಿಯೇ ಕೆಲಸಕ್ಕೆ ಕೈಹಾಕಬೇಕು.