ತಲಪಾಡಿಯಿಂದ ಉಕ್ಕಿನಡ್ಕಕ್ಕೆ: ಹಿರಿಯರ ಆಸ್ಪತ್ರೆ ದಾರಿ

ಮಂಗಳೂರಿನ ಸಿಟಿ ಬಸ್ಸುಗಳು ತಲಪಾಡಿಗೆ ಬಂದು ತಿರುಗುತ್ತವೆ. ಕಾಸರಗೋಡಿನ ಬಸ್ಸು ಗಡಿ ದಾಟಿ ಕೇರಳದೊಳಗೆ ಮುಂದೆ ಹೋಗುತ್ತದೆ. ಬೋರ್ಡಿನ ಅಕ್ಷರ ಬದಲಾಯಿತೆನ್ನುವುದನ್ನು ಬಿಟ್ಟರೆ ಇನ್ನೊಂದು ರಾಜ್ಯ ಶುರುವಾದದ್ದೇ ತಿಳಿಯದು. ಆಚೆಯೂ ತುಳು, ಈಚೆಯೂ ತುಳು. ಮಂಜೇಶ್ವರ, ವರ್ಕಾಡಿ, ಮೀಂಜದ ಮನೆಗಳಲ್ಲಿ ಅಜ್ಜನಿಗೆ ಎದೆನೋವು ಬಂದರೆ ಮೊದಲು ಕೇಳುವ ಮಾತು, "ಮಂಗಳೂರಿಗೆ ಕೊಂಡುಹೋಗುವಾ". ಇಲ್ಲಿಂದ ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳು ಕಾಸರಗೋಡು ಪೇಟೆಗಿಂತ ಹತ್ತಿರ.

ಆ ದಾರಿ 2020ರ ಮಾರ್ಚಿನಲ್ಲಿ ಮುಚ್ಚಿತು. ಕೋವಿಡ್ ಭಯದಿಂದ ಕರ್ನಾಟಕ ತಲಪಾಡಿಯಲ್ಲಿ ತಡೆ ಹಾಕಿತು, ಒಳರಸ್ತೆಗಳ ಮೇಲೆ ಮಣ್ಣು ಸುರಿಯಿತು. ಮಂಗಳೂರನ್ನೇ ನಂಬಿದ್ದ ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು. ಅವರಲ್ಲಿ ಅರುವತ್ತು ದಾಟಿದವರೂ ಇದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನಲ್ಲಿ ಎರಡೂ ರಾಜ್ಯಗಳ ಒಪ್ಪಂದದೊಂದಿಗೆ ಪ್ರಕರಣ ಮುಗಿಯಿತು. ತೀರಿಹೋದವರಿಗೆ ಅದರಿಂದ ಏನೂ ಆಗಲಿಲ್ಲ, ಬಿಡಿ.

ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಸೀತಾಂಗೋಳಿ, ನೀರ್ಚಾಲು ದಾರಿಯಾಗಿ ಬದಿಯಡ್ಕಕ್ಕೆ ಬಂದರೆ ಇನ್ನೊಂದು ಲೋಕ. ರಸ್ತೆ ಗುಡ್ಡೆಯ ಮೇಲೆ, ಮನೆ ಕೆಳಗೆ ಅಡಿಕೆ ತೋಟದಲ್ಲಿ. ನಡುವೆ ಇಳಿಜಾರು, ಪಾಚಿಗಟ್ಟಿದ ಮೆಟ್ಟಿಲು, ಕೆಲವೆಡೆ ತೋಡು ದಾಟಲು ಕಿರುಸಂಕ. ಬೇಸಗೆಯಲ್ಲಿ ನೋಡಿದವರಿಗೆ ಚಂದವೇ. ಆಟಿಯ ಮಳೆಯಲ್ಲಿ, ಕರೆಂಟು ಹೋದ ರಾತ್ರಿಯಲ್ಲಿ, ಪಕ್ಷವಾತ ಬಡಿದ ಎಪ್ಪತ್ತೈದರ ಹಿರಿಯರನ್ನು ಈ ದಾರಿಯಲ್ಲಿ ಮೇಲಕ್ಕೆ ತರುವುದೆಂದರೆ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರಬೇಕು. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಅದರಲ್ಲಿ ಮನೆಯಿಂದ ಡಾಮರು ರಸ್ತೆಗೆ ಎಷ್ಟು ಹೋಗುತ್ತದೆಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ತುರ್ತು ಸಿದ್ಧತೆಯೆಂದರೆ ಮದ್ದಿನ ಚೀಲವೆಂದು ಕರಪತ್ರಗಳು ಹೇಳುತ್ತವೆ. ಈ ಸೀಮೆಯಲ್ಲಿ ನನ್ನ ಕಣ್ಣಿಗೆ ಮೊದಲು ಬೀಳುವುದು ಈ ಮೆಟ್ಟಿಲು. ಹೊರುವ ನಾಲ್ಕು ಜನ ಯಾರು? ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯಲ್ಲೋ ಇರುವ ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳುವವರು ಅಜ್ಜನೇ, ಅಥವಾ ತಾವೂ ಅರುವತ್ತು ಮುಟ್ಟಿದ ಸೊಸೆ.

ಹಾಗೆಂದು ಕೇರಳದಲ್ಲಿ ಆಸರೆ ಇಲ್ಲವೆಂದಲ್ಲ. 2008ರಲ್ಲೇ ಈ ರಾಜ್ಯ ಪಾಲಿಯೇಟಿವ್ ಆರೈಕೆಗೆ ನೀತಿ ಮಾಡಿತು. ಪಂಚಾಯತಿನ ಪಾಲಿಯೇಟಿವ್ ನರ್ಸು ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ಆದರೆ ಅವರ ಪಟ್ಟಿಯಲ್ಲಿ ಹೆಸರಿರಬೇಕು. ವಾರ್ಡ್ ಮೆಂಬರಿಗೋ ಆಶಾ ಕಾರ್ಯಕರ್ತೆಗೋ ಹೇಳಿ ಸೇರಿಸುವ ಕೆಲಸ ಕನ್ನಡದ ಮನೆಗಳಲ್ಲಿ ಎಷ್ಟೋ ಸಲ ಸಂಕೋಚದಿಂದಲೇ ನಿಂತುಹೋಗುತ್ತದೆ. ಮಲಯಾಳದಲ್ಲಿ ಮಾತಾಡಬೇಕಲ್ಲ ಎಂಬ ಅಳುಕು ಬೇರೆ. ಕಾಯಿಲೆ, ಮದ್ದು, ಯಾವುದು ಒಗ್ಗದು ಎಂಬುದನ್ನು ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಟ್ಟರೆ ಅದು ಗಡಿಯ ಎರಡೂ ಬದಿ ನಡೆಯುತ್ತದೆ. ಆಮ್ಲಜನಕದ ಯಂತ್ರ ಇರುವ ಮನೆಗೆ ಕರೆಂಟು ಹೋದಾಗ ಸಿಲಿಂಡರ್ ಬೇಕು. ಅದನ್ನು ಮಳೆಗಾಲಕ್ಕೆ ಮುಂಚೆಯೇ ತರಿಸಿಡಬೇಕು.

ಬದಿಯಡ್ಕದಿಂದ ಪೆರ್ಲದತ್ತ ಹೋಗುವಾಗ ಉಕ್ಕಿನಡ್ಕ. ಇಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಗಡಿ ಮುಚ್ಚಿದ ಮೇಲೆ, 2020ರ ಏಪ್ರಿಲಿನಲ್ಲಿ, ಇಲ್ಲಿನ ಕಟ್ಟಡ ಅವಸರದಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಹೊರರೋಗಿ ವಿಭಾಗ ತೆರೆಯಲು 2022 ಬರಬೇಕಾಯಿತು. ಈ ನಿಧಾನಕ್ಕೆ ಎಣ್ಮಕಜೆಯವರು ಸಿಟ್ಟಾದರೆ ತಪ್ಪಲ್ಲ. ಗೇರು ತೋಟಗಳಿಗೆ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ಫಲ ಉಂಡ ಪಂಚಾಯತು ಅದು. ವಯಸ್ಸಾದ ತಾಯಂದಿರು ಬೆಳೆದ ಮಕ್ಕಳನ್ನು ಎತ್ತಿ ಸಾಕುತ್ತಿರುವ ಊರು. ಅಲ್ಲಿ ತಾಯಿ ಬಿದ್ದರೆ ಇಬ್ಬರಿಗೆ ಆರೈಕೆ ಬೇಕು.

ಪೆರ್ಲ ದಾಟಿದರೆ ಸಾರಡ್ಕ, ಮತ್ತೆ ಗಡಿ. ಇಲ್ಲಿಯೂ ಕಾಯಿಲೆಯವರನ್ನು ವಿಟ್ಲ, ಪುತ್ತೂರಿನತ್ತ ಒಯ್ಯುವುದು ರೂಢಿ. ಗಡಿ ಬದಿಯಲ್ಲಿ 108ಕ್ಕೋ 112ಕ್ಕೋ ಫೋನು ಮಾಡುವವರು ಮೊದಲು ರಾಜ್ಯ, ಪಂಚಾಯತು, ಹತ್ತಿರದ ಗುರುತು ಹೇಳುವುದು ಒಳ್ಳೆಯದು. ಮೊಬೈಲು ಯಾವ ಬದಿಯ ಟವರು ಹಿಡಿದಿದೆಯೋ ಯಾರಿಗೆ ಗೊತ್ತು. ಹಿರಿಯರ ಸಹಾಯವಾಣಿ 14567 ಇದೆ, ಆದರೆ ಅದು ಆ್ಯಂಬುಲೆನ್ಸಿನ ನಂಬ್ರವಲ್ಲ.

ಊರಿಗೆ ಬರುವ ಮಕ್ಕಳಲ್ಲಿ ಒಂದು ವಿನಂತಿ. ಮುಂದಿನ ಸಲ ಬಂದಾಗ ಮೆಟ್ಟಿಲ ಪಾಚಿ ಕೆರೆಸಿ, ಕೈಹಿಡಿ ಕಟ್ಟಿಸಿ, ಸಮೀಪದ ರಿಕ್ಷಾದವರ ನಂಬ್ರವನ್ನು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಯಿರಿ. ಮಂಗಳೂರಿನ ಆಸ್ಪತ್ರೆಯಲ್ಲಿ ಕೇರಳದ ಆರೋಗ್ಯ ಕಾರ್ಡು ನಡೆಯುತ್ತದೆಯೇ, ಮಂಗಲ್ಪಾಡಿ ತಾಲೂಕು ಆಸ್ಪತ್ರೆಯಲ್ಲೋ ಕಾಸರಗೋಡು ಜನರಲ್ ಆಸ್ಪತ್ರೆಯಲ್ಲೋ ರಾತ್ರಿ ಯಾವ ವೈದ್ಯರಿರುತ್ತಾರೆ ಎಂದು ಹಗಲು ಹೊತ್ತಿನಲ್ಲೇ ಕೇಳಿಟ್ಟುಕೊಳ್ಳಿ.